ಬೂಟಿನವನು ಮುಚ್ಚಿದ ದಾರಿ

ಅಮ್ಮನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಬೇಕೆಂದರೆ ಅವಳನ್ನು ಬೆನ್ನ ಮೇಲೆ ಹೊತ್ತು ಇಡೀ ಗುಡ್ಡ ಸುತ್ತಬೇಕು. ಆಸ್ಪತ್ರೆಯ ಬಾಗಿಲು ಕಾಣುವಷ್ಟರಲ್ಲಿ ನನ್ನ ಸೊಂಟವನ್ನೇ ಮೊದಲು ಡಾಕ್ಟರಿಗೆ ತೋರಿಸಬೇಕೆನಿಸುತ್ತದೆ. ಹಿಂದೆ ಹೀಗಿರಲಿಲ್ಲ. ಕಾಡಿನ ನಡುವೆ ನಮ್ಮೂರಿನ ಕಾಲುದಾರಿ ಇತ್ತು. ಅಮ್ಮ ಕೋಲೂರಿಕೊಂಡು ತಾನೇ ಹೋಗಿಬರುತ್ತಿದ್ದಳು. ಆ ದಾರಿ ಮುಚ್ಚಿದ ಮಹಾನುಭಾವ ಯಾರೆಂದು ಕೇಳುತ್ತೀರಾ? ಅಮ್ಮ ಅವನ ಬೆನ್ನ ಮೇಲೇ ಕೂತಿದ್ದಾಳೆ.

ನಾನು ರಕ್ಷಿತ ಕಾಡಿನಲ್ಲಿ ದಿನಗೂಲಿ. ಪಟ್ಟಣದಿಂದ ನಡೆಯಲೆಂದೇ ಬರುವವರಿಗೆ ದಾರಿ ಸವರುವುದು, ಮೆಟ್ಟಿಲು ಕೂರಿಸುವುದು, ಬಾಣದ ಗುರುತಿನ ಹಲಗೆ ನೆಡುವುದು ನನ್ನ ಕೆಲಸ. ಅವರು ಟಿಕೆಟ್ ಕೊಂಡು ಸುಸ್ತಾಗುತ್ತಾರೆ. ನಮಗೆ ಅದು ಪುಕ್ಕಟೆ.

ಒಂದು ದಿನ ಸಾಹೇಬರು ಕರೆದರು.

"ಅಡ್ಡದಾರಿಗಳನ್ನೆಲ್ಲ ಮುಚ್ಚಬೇಕು ಕಣಯ್ಯ. ಜನ ತುಳಿದು ತುಳಿದು ಕಾಡು ಹಾಳಾಗ್ತಿದೆ. ನಿನ್ನಂಥ ಕೆಲಸಗಾರ ಇನ್ನೊಬ್ಬ ಇಲ್ಲ."

"ನಮ್ಮೂರಿನ ದಾರಿ ಸಾರ್?"

"ಅದೂ ಅಷ್ಟೇ. ಒಂದು ಮಳೆಗಾಲ ಸುಮ್ಮನಿರಿ. ಆಮೇಲೆ ಕಲ್ಲು ಹಾಸಿ ಒಳ್ಳೇ ದಾರಿ ಮಾಡಿಸ್ತೀನಿ."

ಹೊಗಳಿ ಅಟ್ಟಕ್ಕೇರಿಸಿದರೆ ಏಣಿ ಎಲ್ಲಿದೆ ಎಂದು ನೋಡುವ ಜಾಯಮಾನ ನನ್ನದಲ್ಲ. ಬೇರೆಯವನಾಗಿದ್ದರೆ ಎರಡು ಕೊಂಬೆ ಅಡ್ಡ ಎಸೆದು ಮನೆಗೆ ಹೋಗುತ್ತಿದ್ದ. ನಾನು ತುಳಿದು ಗಟ್ಟಿಯಾದ ನೆಲವನ್ನು ಅಗೆದು ಸಡಿಲ ಮಾಡಿದೆ. ತರಗೆಲೆ ಹರಡಿದೆ. ಸಸಿಗಳನ್ನು ಸಾಲಾಗಿ ನೆಟ್ಟರೆ ಮನುಷ್ಯನ ಕೈವಾಡ ಗೊತ್ತಾಗುತ್ತದೆಂದು ಚದುರಿಸಿ ನೆಟ್ಟೆ. ನಡುವೆ ಮುಳ್ಳುಕಂಟಿ. ಪಾಚಿಯ ಕಲ್ಲುಗಳನ್ನು ಉರುಳಿಸಿ ತಂದು ಪಾಚಿ ಮೇಲೆ ಬರುವಂತೆ ಕೂರಿಸಿದೆ. ಸಾಹೇಬರು ಬೆನ್ನು ತಟ್ಟಿ ಒಂದು ಜೊತೆ ಬೂಟು ಕೊಟ್ಟರು. ಬೆರಳು ಕಚ್ಚುತ್ತಿತ್ತು, ಆದರೂ ಊರೆಲ್ಲ ಟಕಟಕ ಓಡಾಡಿದೆ.

"ಬೂಟು ಬಂತು, ದಾರಿ ಹೋಯ್ತು. ಇನ್ನು ಅದನ್ನ ಹಾಕ್ಕೊಂಡು ಎಲ್ಲಿಗ್ರೀ ಹೋಗ್ತೀರಿ?" ಎಂದಳು ಹೆಂಡತಿ.

ಮಳೆಗಾಲ ಮುಗಿಯಿತು. ಕಲ್ಲೂ ಬರಲಿಲ್ಲ, ದಾರಿಯೂ ಬರಲಿಲ್ಲ. ಊರವರು ಗಲಾಟೆ ಮಾಡಿದ್ದಕ್ಕೆ ದೊಡ್ಡ ಸಾಹೇಬರು ಜಾಗ ನೋಡಲು ಬಂದರು. ಊರಿಗೆ ಊರೇ ನೆರೆಯಿತು. ನಾನು ಅಮ್ಮನನ್ನೂ ಹೊತ್ತು ತಂದು ಕಲ್ಲಿನ ಮೇಲೆ ಕೂರಿಸಿದೆ.

ದೊಡ್ಡ ಸಾಹೇಬರು ಸುತ್ತ ನೋಡಿದರು. "ಇಲ್ಲಿ ದಾರಿ ಇದ್ದ ಗುರುತೇ ಇಲ್ಲವಲ್ರೀ!"

ನಮ್ಮ ಸಾಹೇಬರು ಮರದ ತುದಿ ನೋಡುತ್ತಾ ಹೇಳಿದರು, "ಇರಲೇ ಇಲ್ಲ ಸಾರ್."

"ಇತ್ತು ಸಾರ್," ಎಂದೆ. "ನಾನೇ ಮುಚ್ಚಿದ್ದು. ಇವರೇ ಹೇಳಿ ಮುಚ್ಚಿಸಿದ್ದು."

ದೊಡ್ಡ ಸಾಹೇಬರು ನಕ್ಕರು. "ಸುಳ್ಳು ಹೇಳಬೇಡಪ್ಪ. ಮನುಷ್ಯ ಮುಚ್ಚಿದ್ರೆ ಇಷ್ಟು ಚೆನ್ನಾಗಿರ್ತಿತ್ತಾ?"

ನನ್ನ ಕೆಲಸವನ್ನು ಯಾರೂ ಅಷ್ಟು ಹೊಗಳಿರಲಿಲ್ಲ. ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಒಂದು ಗಳಿಗೆ ಖುಷಿಯೂ ಆಯಿತು. ಅಷ್ಟರಲ್ಲಿ ಮರಗಳ ಆಚೆ ಟಿಕೆಟ್‌ನವರು ಹರಟುತ್ತಾ ನಡೆದು ಹೋಗುವುದು ಕೇಳಿಸಿತು. ಅವರ ಕಾಲಿಗೆ ಹಾಳಾಗದ ಕಾಡು ನನ್ನ ಅಮ್ಮನ ಹುಣ್ಣುಗಾಲಿಗೆ ಹಾಳಾಗುತ್ತದೆ! ಮೈಯೆಲ್ಲ ಉರಿಯಿತು.

ಅಮ್ಮ ಕೋಲೂರಿ ಎದ್ದಳು.

"ದಾರಿ ಎಲ್ಲಿಂದ ಶುರುವಾಗ್ತಿತ್ತೋ?"

ತೋರಿಸಿದೆ. ನಾನು ನೆಟ್ಟಿದ್ದು ನನಗೆ ಗೊತ್ತಿರದೆ?

"ಮುಳ್ಳು ಹಾಕಿದೋನು ಯಾರು?"

"ನಾನೇ."

"ಬೂಟು ಯಾರ ಕಾಲಲ್ಲಿದೆ?"

"ನನ್ನ ಕಾಲಲ್ಲೇ."

"ಹಾಗಾದ್ರೆ ಮುಂದೆ ನಡಿ."

ನಡೆದೆ. ಕಂಟಿ ಕಿತ್ತೆಸೆದೆ, ಮುಳ್ಳು ಮೆಟ್ಟಿದೆ. ಹಾಳಾದ್ದು, ಬಲು ಗಟ್ಟಿ ಕೆಲಸ ಮಾಡಿಟ್ಟಿದ್ದೆ! ಹಿಂದೆ ಹೆಂಡತಿ, ಅವಳ ಕೈ ಹಿಡಿದು ಅಮ್ಮ, ಅವರ ಹಿಂದೆ ಊರು.

"ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!" ನಮ್ಮ ಸಾಹೇಬರು ಕೂಗಿದರು.

ನನ್ನ ಕಾಲು ಒಂದು ಕ್ಷಣ ನಿಂತಿತು.

"ನಿಲ್ಲಬೇಡ, ಇನ್ನೂ ಜೋರಾಗಿ ತುಳಿ," ಎಂದಳು ಅಮ್ಮ. "ನಾಳೆ ಬಂದೋರಿಗೆ ಗುರುತು ಕಾಣಬೇಕು."