ಟವೆಲಿನ ಕೆಳಗಿನ ರೇಟು

ನನ್ನ ಗಂಡ ತಿಪ್ಪೇಸ್ವಾಮಿ ಇವತ್ತಿನವರೆಗೆ ಯಾವ ವಸ್ತುವನ್ನೂ ಹೇಳಿದ ರೇಟಿಗೆ ಕೊಂಡವನಲ್ಲ. ಎದುರಿಗಿದ್ದಾಗ ನೀವು, ತಾವು ಎನ್ನುತ್ತೇನೆ. ಇಲ್ಲಿ ಅಷ್ಟೊಂದು ಮರ್ಯಾದೆ ಕೊಡುವ ಮನಸ್ಸಿಲ್ಲ. ಸಿರುಗುಪ್ಪದ ದನದ ಸಂತೆಯಲ್ಲಿ ಅವನು ದಲ್ಲಾಳಿ. ಹೆಗಲ ಮೇಲಿನ ಟವೆಲನ್ನು ಎದುರಿನವನ ಕೈಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಹಿಡಿದ ಬೆರಳೆಷ್ಟೋ ಅಷ್ಟು ಸಾವಿರ, ಹಿಡಿದು ಅದುಮಿದರೆ ಅದರ ಮೇಲೆ ಅರ್ಧ. ಸುತ್ತ ನಿಂತವರಿಗೆ ಟವೆಲು ಅಲುಗುವುದಷ್ಟೇ ಕಾಣುತ್ತದೆ, ರೇಟು ಕಾಣುವುದಿಲ್ಲ.

ಈ ಚಾಳಿಯನ್ನು ಸಂತೆಯಲ್ಲೇ ಬಿಟ್ಟು ಬಂದಿದ್ದರೆ ನಾನು ಸುಖವಾಗಿರುತ್ತಿದ್ದೆ. ಅವನು ಕರಿಬೇವಿಗೂ ಚೌಕಾಸಿ ಮಾಡುತ್ತಾನೆ, ಡಾಕ್ಟರ ಫೀಸಿಗೂ ಮಾಡುತ್ತಾನೆ. ನಮ್ಮ ಕುರುಗೋಡಿನ ತರಕಾರಿಯವರು ಅವನು ದೂರದಲ್ಲಿ ಕಂಡ ಕೂಡಲೇ ರೇಟು ಏರಿಸಿ ಇಟ್ಟುಕೊಳ್ಳುತ್ತಾರೆ. ಅವನು ಹತ್ತು ರೂಪಾಯಿ ಇಳಿಸಿಕೊಂಡು ಯುದ್ಧ ಗೆದ್ದ ಮುಖ ಮಾಡಿಕೊಂಡು ಬರುತ್ತಾನೆ. ಇದು ಊರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ.

ಬೇಕಾದದ್ದನ್ನು ಅಗ್ಗಕ್ಕೆ ತಂದರೆ ಹೋಗಲಿ ಎನ್ನಬಹುದು. ಇವನು ಅಗ್ಗಕ್ಕೆ ಸಿಕ್ಕಿತೆಂದು ತರುತ್ತಾನೆ. ನಮ್ಮ ಹಿತ್ತಲಲ್ಲಿ ಗಾಲಿಯಿಲ್ಲದ ಟ್ರ್ಯಾಲಿ ಇದೆ. ಬಳ್ಳಾರಿಯಲ್ಲಿ ಯಾವುದೋ ಜೀನ್ಸ್ ಹೊಲಿಯುವ ಘಟಕ ಮುಚ್ಚಿದಾಗ ತಂದ ಹೊಲಿಗೆ ಯಂತ್ರಗಳಿವೆ, ಒಂದೂ ತಿರುಗುವುದಿಲ್ಲ. ಮೂಟೆ ತುಂಬ ಸ್ಟೀಲ್ ಡಬ್ಬಿಗಳಿವೆ, ಮುಚ್ಚಳ ಯಾವುದಕ್ಕೂ ಇಲ್ಲ. ಯಂತ್ರಗಳಿಗಾಗಿ ನನ್ನ ಹೆಸರಿನ ಡಿಪಾಸಿಟ್ ಮುರಿಸಿದ. ಬ್ಯಾಂಕಿನವರು ಚಹಾ ಕುಡಿಯುವಷ್ಟರಲ್ಲಿ ಮುರಿದು ಕೊಟ್ಟರು. ಸಹಿ ಹಾಕಿದವಳು ನಾನೇ, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ಸಂತೆ ದಿನ ಉಂಡ ಮೇಲೆ ಅವನು ಆವತ್ತಿನ ವ್ಯಾಪಾರವನ್ನೆಲ್ಲ ನನ್ನ ಕೈಮೇಲೆ ಟವೆಲು ಹಾಸಿ ಮತ್ತೊಮ್ಮೆ ಮಾಡಿ ತೋರಿಸುತ್ತಾನೆ. "ಅಂವ ಹಿಂಗ ಹಿಡದ, ನಾ ಹಿಂಗ ಹಿಡದೆ, ಬಂದ ನೋಡು ದಾರಿಗೆ." ಮದುವೆಯಾದಾಗಿನಿಂದ ಹೂಂ ಹೂಂ ಎನ್ನುತ್ತ ಕೈ ಕೊಟ್ಟು ಕೂತಿದ್ದೇನೆ. ಕೈ ಕೊಟ್ಟವಳಿಗೂ ಬೆರಳಿನ ಲೆಕ್ಕ ಬಂದಿರಬಹುದೆಂದು ಅವನ ತಲೆಗೆ ಹೊಳೆದದ್ದೇ ಇಲ್ಲ.

ಹೋದ ವರ್ಷ ದೇಶನೂರಿನಲ್ಲಿ ನನ್ನ ಅಣ್ಣ ಹೊನ್ನೂರಸ್ವಾಮಿ ತವರಿನ ಗದ್ದೆಯ ಒಂದು ಅಂಚನ್ನು ಮಾರಿ, ಕೇಳದೆಯೇ ನನ್ನ ಪಾಲನ್ನು ನನ್ನ ಖಾತೆಗೆ ಹಾಕಿದ. ಮೂರು ಲಕ್ಷ. ಆ ದಿನದಿಂದ ನನ್ನ ಗಂಡನಿಗೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಊಟ ಆಯಿತಾ ಎಂದು ಕೇಳತೊಡಗಿದ. ವಾರದೊಳಗೆ ಹಳೆ ಮಿನಿ ಬಸ್ಸೊಂದರ ಸುದ್ದಿ ತಂದ, ಇಂಜಿನ್ ಮಾತ್ರ ಇಲ್ಲವಂತೆ.

ನನಗೆ ಆ ದುಡ್ಡು ಒಂದೇ ಒಂದು ಕೆಲಸಕ್ಕೆ ಬೇಕಿತ್ತು. ಕುರುಗೋಡು ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ನನ್ನ ಗೆಳತಿ ಸುಲ್ತಾನಾಳ ಮಳಿಗೆ ಇದೆ, ಅವಳ ಅಪ್ಪ ಅವಳ ಹೆಸರಿಗೆ ಬರೆದುಕೊಟ್ಟದ್ದು. ಅದರಲ್ಲಿದ್ದ ಮೊಬೈಲ್ ರಿಪೇರಿಯವನು ಯುಗಾದಿಗೆ ಖಾಲಿ ಮಾಡುವವನಿದ್ದ. ಅಲ್ಲಿ ನಾನು ಜೋಳದ ರೊಟ್ಟಿಯ ಖಾನಾವಳಿ ಇಡಬೇಕು, ನನ್ನ ಕೈಯ ರೊಟ್ಟಿ ತಿಂದು ಮಂದಿ ನನಗೆ ದುಡ್ಡು ಕೊಡಬೇಕು, ನನ್ನ ಗಂಡನಿಗಲ್ಲ. ಸುಲ್ತಾನಾ ಸೀದಾ ಹೇಳಿದ್ದಳು: "ಮೀನಾಕ್ಷಕ್ಕ, ಅಡ್ವಾನ್ಸ್ ಮೂರು ಲಕ್ಷ. ಯುಗಾದಿ ಪಾಡ್ಯದ ಮರುದಿನ ಕೊಟ್ರ ನಿನಗ. ಇಲ್ಲಾಂದ್ರ ಬಳ್ಳಾರಿ ಬೇಕರಿಯಂವ ತುದಿಗಾಲ ಮ್ಯಾಲೆ ನಿಂತಾನ."

ಅಂದರೆ ಮೂರು ತಿಂಗಳು ಆ ಹಣ ನನ್ನ ಗಂಡನಿಂದ ಪಾರಾಗಬೇಕು. ಅಣ್ಣನನ್ನು ಕೇಳಿದೆ. ಅವನು ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಭತ್ತದ ದುಡ್ಡನ್ನು ಸರ್ಕಾರದ ಟ್ರೆಷರಿ ಬಿಲ್ಲಿನಲ್ಲಿ ಇಡುತ್ತಾನೆ. "ಸರ್ಕಾರಕ್ಕ ಮೂರು ತಿಂಗಳು ಕೈಗಡ ಕೊಟ್ಟಂಗ, ತಂಗಿ. ಬ್ಯಾಂಕಿನ ಮುಖಾಂತರ ಕೊಡೋದು. ಈಗ ಸ್ವಲ್ಪ ಕಮ್ಮಿ ಕಟ್ಟಿಸ್ಕೊಂತಾರ, ತಿಂಗಳು ತುಂಬಿದ ಮ್ಯಾಲೆ ಪೂರಾ ಕೊಡ್ತಾರ. ನಡುವ ಮಾರಬಹುದು ಅಂತಾರ, ಆದ್ರ ಅದು ನಿನ್ನ ಗಂಡನ ಕೈಲಿ ಆಗೋ ಕೆಲಸ ಅಲ್ಲ." ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಇದಕ್ಕೆ ಬೇರೆ ಖಾತೆಯೊಂದು ಬೇಕಂತೆ. ಅದನ್ನೂ ಅಣ್ಣ ಮುಂದೆ ನಿಂತು ಮಾಡಿಸಿಕೊಟ್ಟ.

ಬಿಲ್ಲಿನ ಹರಾಜು ಬುಧವಾರಕ್ಕೊಮ್ಮೆ. ನಾನು ತಿಳಿದುಕೊಂಡು ಹೊರಡುವಷ್ಟರಲ್ಲಿ ಒಂದೇ ಬುಧವಾರ ಉಳಿದಿತ್ತು. ಅದು ತಪ್ಪಿದರೆ ಹಣ ಯುಗಾದಿ ದಾಟಿ ಬರುತ್ತಿತ್ತು, ಮಳಿಗೆ ಬೇಕರಿಯವನ ಪಾಲಾಗುತ್ತಿತ್ತು. ಸೋಮವಾರ ಬಳ್ಳಾರಿಯ ಬ್ಯಾಂಕಿಗೆ ಹೊರಟರೆ ನನ್ನ ಗಂಡ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಹೆಣಮಕ್ಕಳು ವ್ಯಾಪಾರಕ್ಕ ಹೋದ್ರ ಟೋಪಿ ಹಾಕ್ತಾರ, ನಾನೂ ಬರ್ತೀನಿ." ಇವನ ಹಿತ್ತಲನ್ನು ನೋಡಿದವರು ಈ ಮಾತಿಗೆ ನಗದೆ ಇರಲಾರರು. ನಾನು ನಗಲಿಲ್ಲ, ಬಸ್ಸು ಹತ್ತಿದೆ.

ಬ್ಯಾಂಕಿನ ಆಫೀಸರನ ಹೆಸರು ಸಮ್ರಾಟ್. ಕುರ್ಚಿಯಲ್ಲಿ ಕೂತ ರೀತಿಯೂ ಹೆಸರಿಗೆ ತಕ್ಕ ಹಾಗಿತ್ತು. ಬಿಲ್ಲು ಎಂದ ಕೂಡಲೇ ಅವನ ಮುಖ ಕಹಿಯಾಯಿತು, ಅದರಿಂದ ಅವನಿಗೆ ಕಮಿಷನ್ನು ಹುಟ್ಟುವುದಿಲ್ಲವೇನೋ. ಡ್ರಾಯರಿನಿಂದ ವಿಮೆಯ ಬಣ್ಣದ ಕಾಗದ ತೆಗೆದ. "ಅಮ್ಮಾ, ಇದು ತಗೊಳ್ರಿ, ಹತ್ತು ವರ್ಷ ಕಟ್ಟಿದ್ರೆ ಸಾಕು." ಮೂರು ತಿಂಗಳಿಗೆ ದುಡ್ಡಿಡಲು ಬಂದವಳಿಗೆ ಹತ್ತು ವರ್ಷದ ಗಂಟು ಹಾಕಲು ನೋಡುವವನಿಗೆ ಏನೆನ್ನಬೇಕು? ಬಿಲ್ಲೇ ಬೇಕು ಎಂದೆ.

ನನ್ನ ಗಂಡ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಏನು ರೇಟಿಗೆ ಕೊಡ್ತೀರಿ ಸಾರ್?"

"ಬುಧವಾರ ಹರಾಜು ಆದ ಮೇಲೆ ಗೊತ್ತಾಗುತ್ತೆ ಯಜಮಾನ್ರೆ. ಮೂರು ಲಕ್ಷದ ಬಿಲ್ಲಿಗೆ ಅಂದಾಜು ನಾಲ್ಕು ಸಾವಿರ ಕಡಿಮೆ ಕಟ್ಟೋದು ಬರುತ್ತೆ."

ಹರಾಜು ಎಂಬ ಮಾತಿಗೆ ಅವನ ಕಣ್ಣು ಅರಳಿದವು. "ಎಲ್ಲಿ ನಡೀತೈತಿ? ನಾನೇ ಹೋಗ್ತೀನಿ."

"ನೀವು ಹೋಗೋ ಹಂಗಿಲ್ಲ. ಕಂಪ್ಯೂಟರಿನಲ್ಲಿ ದೊಡ್ಡ ದೊಡ್ಡ ಬ್ಯಾಂಕಿನೋರು ರೇಟು ಹಾಕ್ತಾರೆ. ಅವರ ಸರಾಸರಿ ಏನು ಬರುತ್ತೋ ಆ ರೇಟಿಗೆ ನಿಮ್ಮಂಥ ಸಣ್ಣವರಿಗೆ ಸಿಗುತ್ತೆ. ನೀವು ರೇಟು ಹೇಳೋ ಹಂಗಿಲ್ಲ."

"ನಾ ರೇಟು ಹೇಳಂಗಿಲ್ಲ?"

"ಇಲ್ಲ."

"ಮತ್ತ ಎಷ್ಟಕ್ಕ ತಗೊಂಡೆ ಅಂತ ಯಾವಾಗ ಗೊತ್ತಾಗತೈತಿ?"

"ತಗೊಂಡ ಮೇಲೆ."

ನನ್ನ ಗಂಡ ಎಲ್ಲ ಅರ್ಥವಾದವನಂತೆ ನಕ್ಕ. "ಇರ್ಲಿ ಬಿಡ್ರಿ, ಇದು ನಾಕು ಮಂದಿ ಮುಂದ ಹೇಳೋ ಮಾತು. ನಮ್ಮ ನಮ್ಮೊಳಗ ಒಂದು ರೇಟು ಇರ್ತೈತಲ್ಲ." ಹಾಗೆನ್ನುತ್ತಲೇ ಹೆಗಲ ಟವೆಲನ್ನು ಆಫೀಸರನ ಕೈಮೇಲೆ, ಕಂಪ್ಯೂಟರಿನ ಕೀಲಿಮಣೆಯನ್ನೂ ಸೇರಿಸಿ, ಹಾಸಿ ಅವನ ಬೆರಳು ಹಿಡಿದುಬಿಟ್ಟ. ಸಮ್ರಾಟ್ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡು ಚಾವಣಿಯ ಕಡೆ ನೋಡಿದ. "ಯಜಮಾನ್ರೆ, ಕ್ಯಾಮೆರಾ ಇದೆ," ಎಂದ ಸಣ್ಣ ದನಿಯಲ್ಲಿ. ಲಂಚ ಎಂದುಕೊಂಡಿದ್ದ ಪುಣ್ಯಾತ್ಮ. ಕ್ಯೂನಲ್ಲಿ ನಿಂತವರು ನಗತೊಡಗಿದರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು.

"ರೇಟು ಹೇಳಲಾರದ ಅಂಗಡ್ಯಾಗ ವ್ಯಾಪಾರ ಮಾಡಬಾರದು, ಏಳು," ಎಂದು ನನ್ನ ಗಂಡ ಎದ್ದ. ನಾನೂ ಎದ್ದೆ. ಅಷ್ಟು ಮಂದಿಯ ಮುಂದೆ ಅವನೊಡನೆ ಜಗಳವಾಡುವುದೂ ಒಂದು ಅವಮಾನವೇ.

ಅವನು ಅಲ್ಲಿಂದ ನೇರ ಸಿರುಗುಪ್ಪದ ಬಸ್ಸು ಹತ್ತಿದ. ಸಂಜೆ ಮನೆಗೆ ಬಂದಾಗ ಎದೆ ಉಬ್ಬಿತ್ತು. ಸಿರುಗುಪ್ಪದಲ್ಲಿ ಸಿದ್ದಲಿಂಗೇಶ್ ಎಂಬ ಪರಿಚಯದವನು ಮಂದಿಯಿಂದ ದುಡ್ಡು ತೆಗೆದುಕೊಂಡು ಬಡ್ಡಿ ಕೊಡುತ್ತಾನಂತೆ, ಅವನೊಡನೆ ಟವೆಲಿನ ಕೆಳಗೆ ಮಾತು ಮುಗಿಸಿ ಬಂದಿದ್ದ. "ನಿನ್ನ ಸರ್ಕಾರ ನಾಕು ಸಾವಿರ ಅಂತೈತಿ. ಅಂವ ಎಂಟಕ್ಕ ನಿಂತಿದ್ದ, ನಾ ಹದಿನೈದಕ್ಕ ಏರಿಸೀನಿ. ನಾಳೆ ಚೆಕ್ ಕೊಡು. ಬೆರಳು ಕೊಟ್ಟು ಬಂದೀನಿ, ಮಾತು ತಪ್ಪಿದ್ರ ಸಂತ್ಯಾಗ ನನ್ನ ಟವೆಲಿಗೆ ಯಾರೂ ಕೈ ಕೊಡಂಗಿಲ್ಲ."

ದುಡ್ಡು ನನ್ನದು, ಬೆರಳು ಅವನದು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕೊಡುವವನು ಕೇಳಿದಷ್ಟಕ್ಕೂ ಒಪ್ಪಿಕೊಂಡರೆ ಅವನಿಗೆ ಕೊಡುವ ಮನಸ್ಸೇ ಇಲ್ಲ ಎನ್ನುವಷ್ಟೂ ಈ ಮಹಾ ವ್ಯಾಪಾರಿಗೆ ತಿಳಿಯಲಿಲ್ಲ. "ಚೆಕ್ ಬುಕ್ ತೀರೈತಿ, ಬಳ್ಳಾರಿಗೆ ಹೋಗಿ ತರಬೇಕು," ಎಂದೆ. ಸುಳ್ಳು ಹೇಳಿದ್ದಕ್ಕೆ ನನಗೆ ಏನೂ ಅನ್ನಿಸಲಿಲ್ಲ.

ಮಂಗಳವಾರ ಒಬ್ಬಳೇ ಹೋಗಿ ಸಮ್ರಾಟನ ಎದುರು ಕೂತೆ. ಅವನು ಮೊದಲು ನನ್ನ ಹಿಂದೆ ಟವೆಲು ಇದೆಯೇ ಎಂದು ನೋಡಿದ, ಆಮೇಲೆ ಮತ್ತೆ ವಿಮೆಯ ಕಾಗದ ತೆಗೆದ. ಅದನ್ನು ಅವನ ಕಡೆಗೇ ತಳ್ಳಿದೆ. ಬಿಲ್ಲಿನ ಅರ್ಜಿಗೆ ಸಹಿ ಹಾಕಿದೆ.

"ನಿಮಗೂ ರೇಟು ಹೇಳೋಕೆ ಬರಲ್ಲ ಅಮ್ಮಾ, ಆಮೇಲೆ ತಕರಾರು ಮಾಡಬಾರದು," ಎಂದ.

"ನಂದೇನು ತಕರಾರಿಲ್ಲ," ಎಂದೆ.

ಮಂದಿ ತಮ್ಮೊಳಗೆ ಮಾತಾಡಿಕೊಂಡ ರೇಟಿಗೆ ತಲೆಬಾಗುವುದು ನನಗೇನು ಹೊಸದೇ? ನನ್ನ ಮದುವೆಯ ಮಾತುಕತೆಯ ದಿನ ದೇಶನೂರಿನ ಮನೆಯ ಪಡಸಾಲೆಯಲ್ಲಿ ಮಾವ ದುರುಗಪ್ಪ ನಮ್ಮಪ್ಪನ ಕೈಮೇಲೆ ಟವೆಲು ಹಾಸಿದ. ಅವನೂ ದಲ್ಲಾಳಿಯೇ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಟವೆಲು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಅಪ್ಪನ ಹಣೆಯಲ್ಲಿ ಬೆವರು ಒಡೆಯಿತು. ಆಮೇಲೆ ಎಲ್ಲರೂ ನಕ್ಕು ಸಕ್ಕರೆ ಹಂಚಿದರು. ವರದಕ್ಷಿಣೆ ಎಷ್ಟಕ್ಕೆ ಮುಗಿಯಿತೆಂದು ನನಗೆ ಯಾರೂ ಹೇಳಲಿಲ್ಲ. ಅಪ್ಪ ಹೇಳದೆಯೇ ಸತ್ತ, ಮಾವನೂ ಸತ್ತ. ಸರ್ಕಾರ ತನ್ನ ರೇಟನ್ನು ಕೊಂಡ ಮೇಲಾದರೂ ಹೇಳುತ್ತದೆ. ಹೇಳಿತು ಕೂಡ, ಗುರುವಾರ ಮೊಬೈಲಿಗೆ ಬಂತು.

ಗುರುವಾರವೇ ಗಂಡನಿಗೂ ಹೇಳಿದೆ. ಅವನು ಕೂಗಾಡಿದ, ಉಣ್ಣದೆ ಮಲಗಿದ. ಸಂತೆಯಲ್ಲಿ ಮಾತು ಉಳಿಸಿಕೊಳ್ಳಲು ತನ್ನ ವರ್ಷದ ದಲ್ಲಾಳಿ ದುಡ್ಡನ್ನೆಲ್ಲ ಒಯ್ದು ಸಿದ್ದಲಿಂಗೇಶನಿಗೆ ಸುರಿದ. ಬೇಡ ಎಂದೆ. ಕೇಳಿದ್ದರೆ ಅವನು ತಿಪ್ಪೇಸ್ವಾಮಿ ಹೇಗಾಗುತ್ತಿದ್ದ?

ಯುಗಾದಿಗೆ ಮೊದಲೇ ನನ್ನ ಖಾತೆಗೆ ಪೂರಾ ಮೂರು ಲಕ್ಷ ಬಂದು ಬಿತ್ತು. ಯಾರನ್ನೂ ಕೇಳಬೇಕಾಗಲಿಲ್ಲ. ಸಿದ್ದಲಿಂಗೇಶನಂತೂ ಹೋದಾಗಲೆಲ್ಲ ರೇಟು ಏರಿಸುತ್ತಿದ್ದ, ದುಡ್ಡು ಮಾತ್ರ ಕೊಡುತ್ತಿರಲಿಲ್ಲ. "ಈಗ ಇಪ್ಪತ್ತು ಅಂದಾನ," ಎಂದು ನನ್ನ ಗಂಡ ಬಂದು ಹೇಳುವಾಗ ದನಿಯಲ್ಲಿ ಇನ್ನೂ ಗೆಲುವಿತ್ತು, ಮುಖದಲ್ಲಿ ಇರಲಿಲ್ಲ. ಪಾಪ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ.

ಪಾಡ್ಯದ ಮರುದಿನ ಮಳಿಗೆಗೆ ಹೋದೆವು, ಬಾಡಿಗೆ ಇಳಿಸಲು ತಾನೇ ಬೇಕೆಂದು ನನ್ನ ಗಂಡ ಬೈಕು ತೆಗೆದಿದ್ದ. ಸುಲ್ತಾನಾ ಮೆಟ್ಟಿಲ ಮೇಲೆ ಕೂತಿದ್ದಳು, ಅವಳ ಗಂಡ ಜಹೀರುದ್ದೀನ್ ಬೀಗದ ಕೈ ಹಿಡಿದು ನಿಂತಿದ್ದ. ಅಡ್ವಾನ್ಸಿನ ಚೆಕ್ಕನ್ನು ಸುಲ್ತಾನಾಳ ಕೈಗೆ ಕೊಟ್ಟೆ. ಇನ್ನು ತಿಂಗಳ ಬಾಡಿಗೆಯ ಮಾತು ಉಳಿದಿತ್ತು. ಜಹೀರುದ್ದೀನ್ ಕೆಮ್ಮಿ ಎರಡು ಹೆಜ್ಜೆ ಮುಂದೆ ಬಂದ. ನನ್ನ ಗಂಡ ಹೆಗಲಿನಿಂದ ಟವೆಲು ಇಳಿಸಿದ. ಮಳಿಗೆ ಅವಳದು, ಖಾನಾವಳಿ ನನ್ನದು, ಕೈ ಚಾಚಿ ನಿಂತವರು ಇವರಿಬ್ಬರು.

"ಇತ್ಲಾಗ ಕೊಡ್ರಿ ಅದನ್ನ," ಎಂದೆ. ಬೆವರು ಒರೆಸಿಕೊಳ್ಳಲು ಕೇಳಿದಳೆಂದುಕೊಂಡು ಕೊಟ್ಟ. ನಾನು ಸುಲ್ತಾನಾಳ ಪಕ್ಕ ಮೆಟ್ಟಿಲ ಮೇಲೆ ಕೂತು ಅವಳ ಕೈಮೇಲೆ ಹಾಸಿದೆ.

ಸುಲ್ತಾನಾ ಒಂದು ಸಲ ಕಿಸಕ್ಕನೆ ನಕ್ಕಳು. ಆಮೇಲೆ ಅವಳ ಮುಖ ಗಂಭೀರವಾಯಿತು. ಅವಳ ಅಪ್ಪ ಕುರಿ ವ್ಯಾಪಾರಿ, ಈ ಲೆಕ್ಕ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಅವಳು ಹಿಡಿದಳು. ನಾನು ಅದಕ್ಕಿಂತ ಕಡಿಮೆ ಹಿಡಿದೆ. ಅವಳು ತಲೆಯಾಡಿಸಿ ಮತ್ತೆ ಹಿಡಿದಳು. ಗೆಳತಿಯೆಂದು ಒಂದು ಬೆರಳೂ ಬಿಡಲಿಲ್ಲ ಹುಡುಗಿ. ಕಡೆಗೆ ನಾನು ಅದುಮಿದೆ, ಅವಳು "ಆತು" ಅಂದಳು.

"ಎಷ್ಟಕ್ಕಾತು?" ಜಹೀರುದ್ದೀನ್ ಕೇಳಿದ.

"ನಿಮಗ್ಯಾಕ ಅದು," ಎಂದು ಸುಲ್ತಾನಾ ಅವನ ಕೈಯಿಂದ ಬೀಗದ ಕೈ ತೆಗೆದು ನನಗೆ ಕೊಟ್ಟಳು.

ನನ್ನ ಗಂಡನ ಬಾಯಿ ತೆರೆದೇ ಇತ್ತು. ಬೈಕಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಕೇಳಿದ. ಐದಕ್ಕಾತಾ, ಆರಕ್ಕಾತಾ, ಸುಮ್ನ ಹೇಳು, ನನಗಾದ್ರ ಇನ್ನೂ ಇಳಸ್ತಿದ್ದೆ. ನಾನು ಗಾಳಿಗೆ ಮುಖ ಕೊಟ್ಟು ಕೂತಿದ್ದೆ. ಇಷ್ಟು ಹಾಯಾಗಿ ಆ ಬೈಕಿನ ಮೇಲೆ ನಾನು ಯಾವತ್ತೂ ಕೂತಿರಲಿಲ್ಲ.

ಮನೆ ಮುಂದೆ ಗಾಡಿ ನಿಲ್ಲಿಸಿ ಅವನು ತಿರುಗಿದ. ದನಿ ಹೆಚ್ಚುಕಡಿಮೆ ಅಳುವಂತಿತ್ತು. "ಕಟ್ಟಿಕೊಂಡ ಗಂಡಗೂ ಹೇಳಂಗಿಲ್ಲೇನು? ರೇಟು ಗೊತ್ತಿಲ್ಲದಂಗ ಮನುಷ್ಯ ಹೆಂಗ ಇರಬೇಕಲೇ?"

"ನಾ ಇದ್ದೀನಲ್ರಿ," ಎಂದೆ. "ದೇಶನೂರಾಗ ಟವೆಲಿನ ಕೆಳಗ ನನ್ನ ಎಷ್ಟಕ್ಕ ಮುಗಿಸಿದ್ರು ಅಂತ ನೀವು ಮೊದಲು ಹೇಳ್ರಿ. ಆಮ್ಯಾಲ ನಾ ಹೇಳ್ತೀನಿ."

ಅವನಿಗೆ ಗೊತ್ತಿದೆ. ಮಾವ ಅವತ್ತೇ ಮನೆಗೆ ಹೋಗಿ ಇವನ ಕೈಮೇಲೆ ಮಾಡಿ ತೋರಿಸಿರುತ್ತಾನೆ. ಅವನು ನನ್ನ ಮುಖ ನೋಡಿದ, ಗಾಡಿಯ ಕೀಲಿ ಕಿತ್ತುಕೊಂಡ. ಟವೆಲು ನನ್ನ ಹೆಗಲ ಮೇಲೆಯೇ ಇತ್ತು. ಅದನ್ನೂ ಕೇಳದೆ ಒಳಗೆ ಹೋದ.