ತುಳಜಾ ಕಟ್ಟಿದ ಹೊರಬಾಗಿಲು

ಹಳಿಯಾಳದ ಟ್ರಸ್ಟ್ ಆಸ್ಪತ್ರೆಯಲ್ಲಿ ತುಳಜಾ ಕಂಪ್ಯೂಟರ್ ವಿಭಾಗಕ್ಕೆ ಸೇರಿ ಎರಡು ವರ್ಷವಾಗಿತ್ತು. ವಿಭಾಗ ಎಂದರೆ ಅವಳೊಬ್ಬಳೇ. ಅತ್ತಿವೇರಿ ಹತ್ತಿರದ ತಾಂಡಾದಲ್ಲಿ ಹುಟ್ಟಿದವಳು, ಮುಂಡಗೋಡದಲ್ಲಿ ಶಾಲೆ ಕಲಿತು, ಡಿಪ್ಲೊಮಾ ಮುಗಿಸಿ ನೇರ ಇಲ್ಲಿಗೇ ಬಂದಿದ್ದಳು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅವಳನ್ನೇ ಕರೆಯುತ್ತಿದ್ದರು, ಟಿವಿಯಲ್ಲಿ ಟೋಕನ್ ನಂಬರು ಮೂಡದಿದ್ದರೂ ಅವಳನ್ನೇ. ಅಂಥ ಚಿಲ್ಲರೆ ಕೆಲಸಗಳ ನಡುವೆ, ಈಗ ಮೊದಲ ಸಲ, ತಾನೇ ಯೋಚಿಸಿದ ಕೆಲಸವೊಂದು ಅವಳ ಕೈಗೆ ಬಂದಿತ್ತು.

ಆಸ್ಪತ್ರೆಯ ಮೇಲ್ ಸರ್ವರ್ ಔಷಧ ಉಗ್ರಾಣದ ಪಕ್ಕದ ಒಳಕೋಣೆಯಲ್ಲಿತ್ತು. ದಾಂಡೇಲಿ, ಜೋಯಿಡಾ, ಮುಂಡಗೋಡದ ಉಪಕೇಂದ್ರಗಳ ಪತ್ರಗಳು, ಹುಬ್ಬಳ್ಳಿಯ ಲ್ಯಾಬಿನ ವರದಿಗಳು, ಊರೂರಿನ ರೋಗಿಗಳ ಗುಟ್ಟುಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು. ಹಾಗಿದ್ದೂ ಅದು ಇಂಟರ್ನೆಟ್ಟಿಗೆ ನೇರ ಮುಖ ಮಾಡಿ ನಿಂತಿತ್ತು. ತಿಂಗಳಿಂದ ಯಾರೋ ಎಲ್ಲಿಂದಲೋ ದಿನಕ್ಕೆ ಸಾವಿರಗಟ್ಟಲೆ ಕಸದ ಮೇಲ್ ಸುರಿಯತೊಡಗಿದ್ದರು. ಸರ್ವರ್ ದಿನಕ್ಕೆ ನಾಲ್ಕು ಸಲ ನಿಂತುಹೋಗುತ್ತಿತ್ತು. ಲ್ಯಾಬಿನವರು ಕಳಿಸಿದ ವರದಿಗಳು ತಿರುಗಿ ಅವರಿಗೇ ಹೋಗುತ್ತಿದ್ದವು.

"ಮೇಡಂ, ಒಳಗಿನ ಸರ್ವರನ್ನ ಹೊರಗಿನವರಿಗೆ ಕಾಣಿಸೂದs ಬ್ಯಾಡ," ಎಂದು ತುಳಜಾ ಮುಖ್ಯ ವೈದ್ಯೆ ದ್ರಾಕ್ಷಾಯಣಿಯವರಿಗೆ ಹೇಳಿದ್ದಳು. "ಮುಂದ ಇನ್ನೊಂದು ಸರ್ವರ್ ನಿಲ್ಲಸ್ತೇನ್ರಿ. ಗೇಟ್‌ವೇ ಅಂತಾರ ಅದಕ್ಕ. ಬಂದ ಮೇಲ್ ಎಲ್ಲಾ ಮೊದಲ ಅದರ ಕೈಯಾಗ ಬೀಳ್ತಾವು. ಅದು ನೋಡಿ, ನಮ್ಮವು ಇದ್ರ ಅಷ್ಟs ಒಳಗ ದಾಟಸ್ತೈತಿ. ಹಳೇ ರಿಸೆಪ್ಶನ್ ಕಂಪ್ಯೂಟರ್ ಸಾಕು."

"ಎಷ್ಟ ದಿವಸ ಬೇಕು?"

"ಮೂರು."

"ಗುರುವಾರ ಈರಕ್ಕನ ಬಯಾಪ್ಸಿ ರಿಪೋರ್ಟ್ ಬರೂದೈತಿ. ಅದರೊಳಗ ಆಗಬೇಕ ನೋಡು."

ಈರಕ್ಕ ಮುಂಡಗೋಡ ಕಡೆಯ ಹಳ್ಳಿಯ ಒಕ್ಕಲುಗಿತ್ತಿ. ಕುತ್ತಿಗೆಯಲ್ಲೊಂದು ಗಂಟು ಎದ್ದಿತ್ತು. ಅದರ ಚೂರು ತೆಗೆದು ಹುಬ್ಬಳ್ಳಿಗೆ ಕಳಿಸಿ ಹತ್ತು ದಿನವಾಗಿತ್ತು. ರೋಗಿಯ ಸಂಗತಿಯನ್ನು ಫೋನಿನಲ್ಲಿ ಹೇಳುವ ಪದ್ಧತಿ ಆ ಲ್ಯಾಬಿನವರಲ್ಲಿ ಇರಲಿಲ್ಲ. ಏನಿದ್ದರೂ ವೈದ್ಯರ ಮೇಲ್‌ಗೇ ಬರಬೇಕು.

ಸೋಮವಾರ, ಮಂಗಳವಾರ ತುಳಜಾ ಕುರ್ಚಿ ಬಿಟ್ಟು ಎದ್ದದ್ದೇ ಕಡಿಮೆ. ಹಳೆಯ ಕಂಪ್ಯೂಟರಿನ ಧೂಳು ಊದಿ, ಹೊಸ ಡಿಸ್ಕ್ ಹಾಕಿ, ನೋಂದಣಿ ಕೌಂಟರಿನ ಹಿಂದೆ ನಿಲ್ಲಿಸಿದಳು. ಆಸ್ಪತ್ರೆಯ ಹೆಸರಿಗೆ ಬಂದ ಮೇಲ್ ಮಾತ್ರ ತೆಗೆದುಕೋ, ಬೇರೆಯವರದನ್ನು ಮುಟ್ಟಬೇಡ, ತೆಗೆದುಕೊಂಡದ್ದನ್ನು ಒಳಗಿನ ಸರ್ವರಿಗೆ ಒಪ್ಪಿಸು ಎಂದು ಅದಕ್ಕೆ ಸಾಲು ಸಾಲಾಗಿ ಬರೆದು ಕೊಟ್ಟಳು. ಒಳಗಿನ ಸರ್ವರಿಗೆ, ಈ ಗೇಟ್‌ವೇ ಒಂದನ್ನು ಬಿಟ್ಟು ಹೊರಗಿನ ಯಾರಿಗೂ ಬಾಗಿಲು ತೆಗೆಯಬೇಡ ಎಂದಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ, ಆಸ್ಪತ್ರೆಯ ಮೇಲ್ ಇನ್ನು ಗೇಟ್‌ವೇಗೇ ಬರಬೇಕೆಂಬ ಹೊಸ ವಿಳಾಸ ಇಂಟರ್ನೆಟ್ಟಿನಲ್ಲಿ ಎಲ್ಲ ಕಡೆ ಹಬ್ಬಿತು. ಜೋಯಿಡಾ ಉಪಕೇಂದ್ರದ ನರ್ಸ್ ನೀಲಕ್ಕನಿಗೆ ಫೋನ್ ಮಾಡಿ ಒಂದು ಮೇಲ್ ಕಳಿಸಲು ಹೇಳಿದಳು.

"ಕಳಸೇನಿ ನೋಡವಾ. ಬಂತೇನು?"

ತೆರೆಯ ಮೇಲೆ ಒಂದು ಸಾಲು ಮೂಡಿತು: ಜೋಯಿಡಾದಿಂದ ಬಂದಿದೆ. ಮರುಕ್ಷಣ ಇನ್ನೊಂದು: ಒಳಗೆ ತಲುಪಿದೆ.

"ಬಂತs ಅಕ್ಕಾ! ಬಂತು!" ಎಂದು ತುಳಜಾ ಕೂಗಿದ ಸದ್ದಿಗೆ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

ಆ ಸಂತೋಷ ಒಂದು ತಾಸೂ ಉಳಿಯಲಿಲ್ಲ. ಗೇಟ್‌ವೇಯಲ್ಲಿ ಹೊರಗೆ ಹೋಗಬೇಕಾದ ಮೇಲ್‌ಗಳ ಸಾಲು ಇನ್ನೂರು, ಐನೂರು, ಸಾವಿರ ಎಂದು ಏರತೊಡಗಿತು. ಯಾರೂ ಏನೂ ಕಳಿಸಿಲ್ಲ, ಆದರೂ ಇಷ್ಟೊಂದು ಮೇಲ್ ಎಲ್ಲಿಂದ ಹುಟ್ಟುತ್ತಿದೆ? ಹೀಗೇ ಬಿಟ್ಟರೆ ಆಸ್ಪತ್ರೆಯೇ ಕಸ ಹಂಚುತ್ತಿದೆ ಎಂದು ಲೋಕ ಅದರ ಹೆಸರನ್ನು ಕಪ್ಪುಪಟ್ಟಿಗೆ ಹಾಕುತ್ತಿತ್ತು.

ಕಚೇರಿಯ ಹಿರಿಯ ಗುಮಾಸ್ತ ನಾಗಲಿಂಗಪ್ಪ ಕನ್ನಡಕವನ್ನು ಹಣೆಗೇರಿಸಿ ಬಂದು ನಿಂತರು. ಮೂವತ್ತೊಂದು ವರ್ಷದಿಂದ ಆಸ್ಪತ್ರೆಯ ಆವಕ-ಜಾವಕ ನೋಡುತ್ತಿದ್ದವರು. ಬರುವ, ಹೋಗುವ ಒಂದು ಲಕೋಟೆಯೂ ಅವರ ಕಣ್ಣು ತಪ್ಪಿಸಿದ್ದಿಲ್ಲ.

"ಏನಾತವಾ ತಂಗಿ? ಮಾರಿ ಯಾಕ ಬಾಡೇತಿ?"

"ಕಸದ ಮೇಲ್‌ನವರು ನಮ್ಮಲ್ಲಿ ಇಲ್ಲದವರ ಹೆಸರಿಗೂ ಬರದ ಹಾಕ್ತಾರ್ರಿ ಸರ್. ಗೇಟ್‌ವೇ ಅದನ್ನ ತೊಗೊಂಡು ಒಳಗ ಒಯ್ತೈತಿ. ಒಳಗಿನ ಸರ್ವರ್ ಇಂಥವರು ಇಲ್ಲಾಂತ ಬ್ಯಾಡ ಅಂತೈತಿ. ಆಮ್ಯಾಲ ಗೇಟ್‌ವೇ ಕಳಿಸಿದವರಿಗೆ ವಾಪಸ್ ಬರೀತೈತಿ. ಆದ್ರ ಕಳಿಸಿದವರ ಹೆಸರs ಸುಳ್ಳ ಇರ್ತೈತ್ರಿ. ಪಾಪ, ಯಾರಿಗೋ ಹೋಗಿ ಬೀಳ್ತೈತಿ."

ನಾಗಲಿಂಗಪ್ಪ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕುಳಿತರು. "ಅಲ್ಲ, ಇಲ್ಲದವರ ಟಪಾಲು ಮೊದಲ ಕೈಯಾಗ ಯಾಕ ಹಿಡಿಬೇಕು? ನಾ ಅಂತೂ ಮುಟ್ಟೂದಿಲ್ಲ. ಪೋಸ್ಟಮನ್ ಬಾಗಲದಾಗ ನಿಂತಿರೂ ಮುಂದs ಹೇಳಿಬಿಡ್ತೇನಿ, ಇಂಥವರು ನಮ್ಮಲ್ಲಿ ಇಲ್ಲ, ಒಯ್ಯಪಾ ಅಂತ. ಒಂದ ಸಲ ಸಹಿ ಮಾಡಿ ತೊಗೊಂಡ್ಯೋ, ಮುಂದಿನ ಜವಾಬ್ದಾರಿ ನಂದಾತು."

ತುಳಜಾ ಅವರ ಮುಖವನ್ನೇ ನೋಡಿದಳು. ಆಮೇಲೆ ಕುರ್ಚಿಯಿಂದ ಜಿಗಿದೆದ್ದಳು.

"ಸರ್! ಇದs ನೋಡ್ರಿ! ಗೇಟ್‌ವೇಗೆ ಹೆಸರಿನ ಪಟ್ಟಿನs ಕೊಟ್ಟಿಲ್ಲ ನಾ! ನಮ್ಮವರು ಯಾರಂತ ಅದಕ್ಕ ಗೊತ್ತs ಇಲ್ಲ!"

"ಹೌದಿಲ್ಲೊ? ಹಂಗಾರ ಬರಕೋ, ಹೇಳ್ತೇನಿ."

ನಾಗಲಿಂಗಪ್ಪ ಬೆರಳು ಮಡಿಚುತ್ತ ಒಂದೊಂದೇ ಹೆಸರು ಹೇಳಿದರು. ಯಾರು ದಾಂಡೇಲಿಗೆ ವರ್ಗವಾದರು, ಯಾರು ನಿವೃತ್ತರಾದರು, ಯಾವ ದಿನೇಶ ಈಗಿಲ್ಲ, ಯಾವ ದಿನೇಶ ಇದ್ದಾನೆ, ಎಲ್ಲ ಅವರ ಬಾಯಲ್ಲಿತ್ತು. ಅರವತ್ತೆಂಟು ಹೆಸರಾದವು. ತುಳಜಾ ಪಟ್ಟಿಯನ್ನು ಗೇಟ್‌ವೇಗೆ ಹಾಕಿ, ಹೊರಗೆ ಹೊರಟಿದ್ದ ಸುಳ್ಳು ಉತ್ತರಗಳನ್ನೆಲ್ಲ ಅಳಿಸಿ, ಮತ್ತೆ ಚಾಲೂ ಮಾಡಿದಳು. ತೆರೆಯ ಮೇಲೆ ಸಾಲುಗಳು ಓಡತೊಡಗಿದವು: ಇಂಥವರಿಲ್ಲ, ಇಂಥವರಿಲ್ಲ, ಇಂಥವರಿಲ್ಲ. ನಡುವೆ ಮುಂಡಗೋಡದಿಂದ ಬಂದ ಒಂದು ಪತ್ರ ಮಾತ್ರ ಸಲೀಸಾಗಿ ಒಳಗೆ ಹೋಯಿತು.

"ಬಾಗಲದಾಗs ತಿರುಗಿಸಿ ಕಳಸಾಕತ್ತೇತಿ!" ಎಂದು ನಾಗಲಿಂಗಪ್ಪ ತೊಡೆ ತಟ್ಟಿದರು. "ಶಾಣ್ಯಾ ಐತಿ ಬಿಡವಾ ನಿನ್ನ ಮಶೀನು."

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಈರಕ್ಕ ಬಂದಳು. ಜೊತೆಗೆ ಮಗಳು ಸ್ವಪ್ನಾ. ಈರಕ್ಕ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಬೆಂಚಿನ ತುದಿಯಲ್ಲಿ ಕುಳಿತಳು. ಸ್ವಪ್ನಾ ಮಾತ್ರ ಐದು ನಿಮಿಷಕ್ಕೊಮ್ಮೆ ಕೌಂಟರಿಗೆ ಬಂದು "ಬಂತೇನ್ರಿ?" ಎನ್ನುತ್ತಿದ್ದಳು.

ಹತ್ತೂಮುಕ್ಕಾಲಿಗೆ ಕರೆಂಟು ಹೋಯಿತು. ಹೋದದ್ದು ಎರಡೇ ನಿಮಿಷ, ಆದರೆ ಅಷ್ಟರಲ್ಲಿ ಒಳಕೋಣೆಯಿಂದ ಸುಟ್ಟ ವಾಸನೆ ಬಂತು. ತುಳಜಾ ಓಡಿಹೋಗಿ ನೋಡಿದರೆ ಯುಪಿಎಸ್ ಸತ್ತಿತ್ತು, ಒಳಗಿನ ಸರ್ವರ್ ಆರಿಹೋಗಿತ್ತು. ಅದೇ ಹೊತ್ತಿಗೆ ದ್ರಾಕ್ಷಾಯಣಿ ಫೋನು ಹಿಡಿದುಕೊಂಡೇ ಬಂದರು.

"ಲ್ಯಾಬಿನವರು ರಿಪೋರ್ಟ್ ಕಳಿಸೇವಿ ಅನ್ನಾಕತ್ತಾರ. ನನಗ ಬಂದಿಲ್ಲ. ಮತ್ತ ವಾಪಸ್ ಹೋತೇನು?"

ತುಳಜಾ ನೋಂದಣಿ ಕೌಂಟರಿನತ್ತ ಓಡಿದಳು. ಗೇಟ್‌ವೇಗೆ ಕೌಂಟರಿನದೇ ಬೇರೆ ಬ್ಯಾಟರಿ. ಅದು ಏನೂ ಆಗಿಲ್ಲವೆಂಬಂತೆ ನಡೆಯುತ್ತಿತ್ತು. ಕಾಯುತ್ತಿರುವ ಮೇಲ್‌ಗಳ ಸಾಲನ್ನು ತೆರೆದು ನೋಡಿದಳು. ಹುಬ್ಬಳ್ಳಿಯ ಲ್ಯಾಬು, ಹತ್ತು ನಲವತ್ತೆಂಟು, ಡಾಕ್ಟರ್ ದ್ರಾಕ್ಷಾಯಣಿಯವರಿಗೆ. ಒಳಗಿನ ಸರ್ವರ್ ಸಿಗುತ್ತಿಲ್ಲ, ಕಾಯುತ್ತಿದ್ದೇನೆ.

"ಐತ್ರಿ ಮೇಡಂ! ವಾಪಸ್ ಹೋಗಿಲ್ಲ! ಹಿಡಕೊಂಡು ಕುಂತೇತಿ, ಒಳಗಿಂದು ಏಳೂತನಾ ಬಿಡೂದಿಲ್ಲ ಅದು!"

ಲೆಕ್ಕಪತ್ರ ಕೋಣೆಯ ಯುಪಿಎಸ್ಸನ್ನು ನಾಗಲಿಂಗಪ್ಪ ತಾವೇ ಬಿಚ್ಚಿದರು. ಅದು ಕಲ್ಲಿನಷ್ಟು ಭಾರ. ಒಂದು ತುದಿ ಅವರು, ಇನ್ನೊಂದು ತುದಿ ತುಳಜಾ ಹಿಡಿದು ಓಣಿಯುದ್ದಕ್ಕೂ "ಸರೀರಿ, ಸರೀರಿ" ಎನ್ನುತ್ತ ಹೊತ್ತು ತಂದರು. ವಾಯರು ಹಚ್ಚಿ ಗುಂಡಿ ಒತ್ತಿದಳು. ಸರ್ವರಿನ ಫ್ಯಾನು ಗುರ್ರೆಂದಿತು. ಹಸಿರು ದೀಪ ಮಿನುಗಿ, ಆರಿ, ಮತ್ತೆ ಹತ್ತಿ, ಕೊನೆಗೆ ಸ್ಥಿರವಾಯಿತು. ತುಳಜಾ ಕೌಂಟರಿಗೆ ಮರಳಿ, ಕಾಯುತ್ತಿದ್ದ ಹದಿನೇಳು ಪತ್ರಗಳಿಗೆ ಈಗಲೇ ಹೊರಡಿ ಎಂದು ಅಪ್ಪಣೆ ಕೊಟ್ಟಳು. ಹದಿನೇಳು, ಹದಿನಾರು, ಹನ್ನೊಂದು, ಆರು, ಎರಡು. ಸಾಲು ಬರಿದಾಯಿತು.

ದ್ರಾಕ್ಷಾಯಣಿ ತಮ್ಮ ಕೋಣೆಯಲ್ಲಿ ವರದಿ ತೆರೆದು ಓದಿದರು. ಆಮೇಲೆ ಅವರೇ ಬಾಗಿಲಿಗೆ ಬಂದು, ಹೆಸರು ಕೂಗುವ ಕಾಂಪೌಂಡರನ್ನೂ ಕಾಯದೆ, "ಈರಕ್ಕಾ, ಬಾರವಾ ಒಳಗ. ಅಂಜಬ್ಯಾಡ, ಕ್ಯಾನ್ಸರ್ ಅಲ್ಲ ಅದು. ಟಿಬಿ ಗಂಟು. ಆರು ತಿಂಗಳ ಗುಳಗಿ ತೊಗೊಂಡ್ರ ಕರಗಿ ಹೋಗ್ತೈತಿ," ಎಂದರು.

ಈರಕ್ಕ ಎದ್ದಳು, ಮತ್ತೆ ಕುಳಿತಳು, ಸೆರಗು ಬಾಯಿಗೆ ಒತ್ತಿಕೊಂಡಳು. ಸ್ವಪ್ನಾ ತಾಯಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಅಳುತ್ತ ನಗುತ್ತ, "ಕೇಳಿದ್ಯೇನಬೇ? ಅಲ್ಲಂತ! ಅಲ್ಲಂತಬೇ!" ಎಂದಳು.

ಕೌಂಟರಿನ ಹಿಂದೆ ತುಳಜಾ ಕಣ್ಣೊರೆಸಿಕೊಂಡಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು. ಡಬ್ಬಿ ತೆಗೆದು ರೊಟ್ಟಿ ಮುರಿಯುವಷ್ಟರಲ್ಲಿ ಫೋನು ರಿಂಗಣಿಸಿತು. ನೀಲಕ್ಕ.

"ತುಳಜಾ, ಅನಮೋಡ ಕಡೆ ಶಿಬಿರ ಚಾಲೂ ಮಾಡಾಕತ್ತೇವಿ. ಅದಕ್ಕೂ ಒಂದು ಮೇಲ್ ಐಡಿ ಬೇಕಲ್ಲವಾ. ಯಾವಾಗ ಆಗ್ತೈತಿ?"

"ಈಗs ಆಗ್ತೈತಿ ಅಕ್ಕಾ, ಹೆಸರ ಹೇಳು," ಎಂದು ಬಾಯಿತುಂಬ ರೊಟ್ಟಿಯಲ್ಲೇ ತುಳಜಾ ಕೀಬೋರ್ಡು ಎಳೆದುಕೊಂಡಳು.