ನಾಲ್ಕನೇ ಸೀಸೆಯ ಎಣಿಕೆ

ಒಂದೇ ಮನೆಯ ಸೊಸೆಯರಿಬ್ಬರು ಒಂದೇ ಪ್ರಯೋಗಾಲಯದಲ್ಲಿ ಕೆಲಸಕ್ಕಿರಬಾರದು. ಮನೆಯ ಹೊಟ್ಟೆಕಿಚ್ಚು ಊಟದ ಡಬ್ಬಿಯ ಜೊತೆ ಬಸ್ಸು ಹತ್ತಿ ಬರುತ್ತದೆ.

ದೊಡ್ಡ ಸೊಸೆ ಎಂಟು ವರ್ಷದಿಂದ ಒಂದು ಬೇರನ್ನೇ ಹಿಡಿದು ಕೂತಿದ್ದಳು. ಒಣಗಿಸಿ, ಪುಡಿ ಮಾಡಿ, ಸಾರ ತೆಗೆದು, ಅದು ಲಿವರನ್ನು ಕಾಯುತ್ತದೆಂದು ತೋರಿಸುವುದೇ ಅವಳ ಹಟ. ಓರಗಿತ್ತಿ ಮೊನ್ನೆ ಮೊನ್ನೆ ಬಂದವಳು. ಯಾವುದೋ ಎಲೆಯ ಸಾರ ತೆಗೆದು ಎರಡೇ ವರ್ಷದಲ್ಲಿ ಎಲ್ಲರ ಬಾಯಲ್ಲಿದ್ದಳು. ಮನೆಯಲ್ಲೂ ಅಷ್ಟೆ. ಅತ್ತೆಗೆ ಚಿಕ್ಕವಳು ಕೂತರೂ ಚೆಂದ, ನಿಂತರೂ ಚೆಂದ. ಸುಳ್ಳೇಕೆ, ದೊಡ್ಡವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಕೊನೆಯ ಪರೀಕ್ಷೆ. ಗೆದ್ದ ಸಾರ ಮಾತ್ರೆಯಾಗಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಹೋಗುತ್ತದೆ, ಉಳಿದವು ಕಪಾಟಿಗೆ. ಆರು ಕಂದು ಸೀಸೆ, ಮೇಲೆ ಬರೀ ನಂಬರು. ಯಾವುದು ಯಾರದೆಂಬ ಪಟ್ಟಿ ಮೇಲಧಿಕಾರಿಯ ಡ್ರಾಯರಿನಲ್ಲಿ. ವಿಷ ಹಾಕಿದ ಲಿವರಿನ ಜೀವಕೋಶಗಳಿಗೆ ಒಂದೊಂದು ಸಾರ ಕೊಟ್ಟು, ಬಣ್ಣ ಹಾಕಿ, ಫೋಟೋ ತೆಗೆದು, ನೂರರಲ್ಲಿ ಎಷ್ಟು ಸತ್ತವೆಂದು ಎಣಿಸಬೇಕು. ಸತ್ತವು ನೀಲಿಯಾಗಿರುತ್ತವೆ. ಎಣಿಸುವ ಕೆಲಸ ದೊಡ್ಡವಳದು. ಅವಳ ಕಣ್ಣಿನ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ.

ಮೂರನೆಯದರಲ್ಲಿ ನಲವತ್ತೊಂದು. ನಾಲ್ಕನೆಯದರಲ್ಲಿ ಒಂಬತ್ತು. ಮತ್ತೆ ಎಣಿಸಿದಳು, ಒಂಬತ್ತೇ. ಇಷ್ಟು ಚೆನ್ನಾಗಿ ಬಂದಿದೆಯೆಂದರೆ ಇನ್ಯಾರದು, ಆ ಮಹಾರಾಣಿಯದೇ! ಬರೆದಿದ್ದ ಒಂಬತ್ತರ ಎಡಕ್ಕೆ ಒಂದು ಮೂರು ಸೇರಿಸಿದಳು. ಮೂವತ್ತೊಂಬತ್ತು.

ಮರುದಿನ ಎಲ್ಲರ ಮುಂದೆ ಮೇಲಧಿಕಾರಿ ಪಟ್ಟಿ ತೆಗೆದು ಓದಿದರು. ಎರಡನೆಯದು ಎಲೆ, ಇಪ್ಪತ್ತೆರಡು ಬಂದು ಅದೇ ಗೆದ್ದಿತ್ತು. ನಾಲ್ಕನೆಯದು ಬೇರು.

ದೊಡ್ಡವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಎಂಟು ವರ್ಷದ ದುಡಿಮೆ ಹೋಗುತ್ತದೆ.

ಚಪ್ಪಾಳೆಯ ನಡುವೆ ಓರಗಿತ್ತಿ ಎದ್ದಳು. "ಸರ್, ಅಕ್ಕನ ಬೇರು ಇಷ್ಟು ಕೆಟ್ಟದಾಗಿ ಬರೋಕೆ ಸಾಧ್ಯಾನೇ ಇಲ್ಲ. ಇನ್ನೊಂದ್ಸಲ ನಾನು ಎಣಿಸ್ತೀನಿ."

"ಬೇಡ ಬಿಡೇ," ಅಂದಳು ದೊಡ್ಡವಳು.

"ಸುಮ್ನಿರಕ್ಕ. ನಿಂಗೋಸ್ಕರ ನೀನ್ಯಾವತ್ತು ಬಾಯಿ ಬಿಟ್ಟಿದ್ದೀಯ?"

ಓರಗಿತ್ತಿ ಕಂಪ್ಯೂಟರಿನ ಮುಂದೆ ಕೂತು ಫೋಟೋದ ಮೇಲೆ ಬೆರಳಿಟ್ಟು ಎಣಿಸಿದಳು. ಒಂಬತ್ತಕ್ಕೆ ಬೆರಳು ನಿಂತಿತು. ದಾಖಲೆ ಪುಸ್ತಕ ಎಳೆದುಕೊಂಡು, ಇರುಕಿಸಿ ಬರೆದ ಆ ಮೂರನ್ನು ನೋಡಿದಳು. ಆಮೇಲೆ, ಪಕ್ಕಕ್ಕೆ ಬಂದು ನಿಂತಿದ್ದ ದೊಡ್ಡವಳನ್ನು ಬೇರೆ ಯಾರಿಗೂ ಕೇಳದ ಹಾಗೆ ಕೇಳಿದಳು.

"ಅಕ್ಕಾ, ಇದು ನಂದು ಅಂದ್ಕೊಂಡಿದ್ಯಾ?"

ದೊಡ್ಡವಳು ಕೈ ಚಾಚಿ ಪುಸ್ತಕ ಮುಚ್ಚಿದಳು.

"ಎಷ್ಟಮ್ಮ ಬಂತು?" ಮೇಲಧಿಕಾರಿ ಕೂಗಿದರು.

"ಒಂಬತ್ತು ಸರ್. ಬರೆಯೋವಾಗ ಕೈತಪ್ಪಾಗಿದೆ ಅಷ್ಟೆ. ಅಕ್ಕ ಗೆದ್ದಿದ್ದಾಳೆ."

ಈ ಸಲ ಚಪ್ಪಾಳೆ ದೊಡ್ಡವಳಿಗೆ ಬಿತ್ತು. ಓರಗಿತ್ತಿಯ ಮೇಲೆ ಯಾವತ್ತೂ ಬರದಷ್ಟು ಹೊಟ್ಟೆಕಿಚ್ಚು ಅವಳಿಗೆ ಆಗ ಬಂತು.